ಬೀದಿ ಕಂಬದ ಮೇಲೆ ಸಣ್ಣ ವೈರ್‌ಲೆಸ್ ಉಪಕರಣ: ಕೊಡಗಿನ ಪಟ್ಟಣಗಳಲ್ಲಿ ಅನುಮತಿ ಪಡೆದು ಅಳವಡಿಸುವ ಕ್ರಮ

ಕೊಡಗಿನ ಪಟ್ಟಣಗಳಲ್ಲಿ ಮೊಬೈಲ್ ನೆಟ್‌ವರ್ಕ್ ಕೈಕೊಡುವುದಕ್ಕೆ ಟವರ್‌ಗಳ ಕೊರತೆಯೊಂದೇ ಕಾರಣವಲ್ಲ. ಮಡಿಕೇರಿಯಂತಹ ಊರಿನಲ್ಲಿ ಒಂದು ಬೀದಿ ಗುಡ್ಡದ ನೆತ್ತಿಯಲ್ಲಿದ್ದರೆ ಅದರ ಬೆನ್ನಿಗಿರುವ ಬೀದಿ ಆಳವಾದ ಇಳಿಜಾರಿನಲ್ಲಿರುತ್ತದೆ. ಮೇಲಿನ ಟವರ್‌ನಿಂದ ಹೊರಟ ತರಂಗ ಕೆಳಗಿನ ಮನೆಗಳ ತಲೆಯ ಮೇಲೆಯೇ ಹಾದುಹೋಗುತ್ತದೆ. 5ಜಿ ಸೇವೆಗೆ ಬಳಸುವ 3300 ಮೆಗಾಹರ್ಟ್ಸ್ ಶ್ರೇಣಿಯ ತರಂಗಗಳಿಗೆ ಮಣ್ಣಿನ ದಿಬ್ಬವನ್ನಾಗಲಿ ಮಳೆಯಲ್ಲಿ ನೆನೆದ ಮರಗಳ ಸಾಲನ್ನಾಗಲಿ ದಾಟುವ ಶಕ್ತಿ ಇನ್ನೂ ಕಡಿಮೆ. ಆದ್ದರಿಂದಲೇ ಇಂತಹ ಊರುಗಳಿಗೆ ಮತ್ತೊಂದು ಎತ್ತರದ ಟವರ್‌ಗಿಂತ, ಬೀದಿದೀಪದ ಕಂಬಕ್ಕೆ ಬಿಗಿಯಬಹುದಾದ ಸಣ್ಣ ಪೆಟ್ಟಿಗೆ, ಅಂದರೆ ಸ್ಮಾಲ್ ಸೆಲ್, ಹೆಚ್ಚು ಹೊಂದುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ಪೆಟ್ಟಿಗೆ ಸಣ್ಣದು ಎಂಬ ಕಾರಣಕ್ಕೆ ಅನುಮತಿಯೂ ಸಣ್ಣದು ಎಂದು ತಿಳಿದು ಕೆಲಸಕ್ಕೆ ಇಳಿದವರು ನಡುದಾರಿಯಲ್ಲಿ ನಿಲ್ಲಬೇಕಾಗುತ್ತದೆ. ಕಂಬದ ಒಡೆತನ, ಕಂಬ ನಿಂತಿರುವ ರಸ್ತೆಯ ಒಡೆತನ ಮತ್ತು ಪೆಟ್ಟಿಗೆ ಹೊರಸೂಸುವ ತರಂಗವನ್ನು ಬಳಸುವ ಹಕ್ಕು ಬೇರೆ ಬೇರೆ ಕೈಗಳಲ್ಲಿರುತ್ತವೆ, ಮತ್ತು ಮೂರಕ್ಕೂ ಪ್ರತ್ಯೇಕವಾಗಿ ಲಿಖಿತ ಒಪ್ಪಿಗೆ ಬೇಕು. ಮೊಬೈಲ್ ಸಂಸ್ಥೆಗಳ ಪರವಾಗಿ ಕೆಲಸ ಮಾಡುವ ಗುತ್ತಿಗೆದಾರರು, ಸ್ಥಳೀಯ ಇಂಟರ್ನೆಟ್ ಸೇವೆ ನಡೆಸುವವರು, ತಮ್ಮ ಬೀದಿಗೆ ವೈಫೈ ಬೇಕೆನ್ನುವ ವರ್ತಕರು ಹಾಗೂ ಇಂತಹ ಅರ್ಜಿಗಳನ್ನು ಪರಿಶೀಲಿಸಬೇಕಾದ ನಗರಸಭೆ, ಪುರಸಭೆಗಳ ಸದಸ್ಯರು ಎಲ್ಲರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಉಪಕರಣ ಯಾವುದು, ಅಳವಡಿಸುವವರು ಯಾರು

ಮೊದಲು ತೀರ್ಮಾನಿಸಬೇಕಾದುದು ಉಪಕರಣದ ಬಗೆ. ಮೊಬೈಲ್ ಸೇವೆಯ ಸ್ಮಾಲ್ ಸೆಲ್ ಕೆಲಸ ಮಾಡುವುದು ಹರಾಜಿನಲ್ಲಿ ಕೊಂಡ ತರಂಗಗುಚ್ಛದಲ್ಲಿ. ಹೀಗಾಗಿ ಅದನ್ನು ಸೇವಾ ಪರವಾನಗಿ ಹೊಂದಿರುವ ಸಂಸ್ಥೆಯಾಗಲಿ, ದೂರಸಂಪರ್ಕ ಇಲಾಖೆಯಲ್ಲಿ ನೋಂದಾಯಿತವಾದ ಮೂಲಸೌಕರ್ಯ ಸಂಸ್ಥೆಯು ಅಂತಹ ಸೇವಾದಾರರಿಗಾಗಿಯಾಗಲಿ ಮಾತ್ರ ಅಳವಡಿಸಬಹುದು. ವರ್ತಕರ ಸಂಘವೋ ಹೋಂಸ್ಟೇ ಮಾಲೀಕರೋ ಸ್ವಂತ ಹಣ ಹಾಕಲು ಸಿದ್ಧರಿದ್ದರೂ ಅರ್ಜಿ ಸಂಸ್ಥೆಯ ಹೆಸರಿನಲ್ಲಿಯೇ ಹೋಗಬೇಕು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಆನ್‌ಲೈನ್‌ನಲ್ಲಿ ಸುಲಭವಾಗಿ ಸಿಗುವ ಸಿಗ್ನಲ್ ಬೂಸ್ಟರ್‌ಗಳನ್ನು ಪರವಾನಗಿ ಇಲ್ಲದೆ ಬಳಸುವುದು ಕಾನೂನುಬಾಹಿರ. ಅವು ಮಾಲೀಕನ ಫೋನಿಗೆ ನಾಲ್ಕು ಗೆರೆ ತೋರಿಸಿದರೂ ಸುತ್ತಲಿನ ಟವರ್‌ಗೆ ಗದ್ದಲವನ್ನು ತುಂಬಿ, ಅದೇ ಓಣಿಯ ಉಳಿದವರ ಕರೆಗಳನ್ನು ಕೆಡಿಸುತ್ತವೆ. ನೆಟ್‌ವರ್ಕ್ ಇಲ್ಲದ ತೋಟದ ಮನೆಯವರ ಕಷ್ಟ ನನಗೆ ಚೆನ್ನಾಗಿ ಅರ್ಥವಾಗುತ್ತದೆ, ಆದರೂ ಈ ದಾರಿಯನ್ನು ಯಾರಿಗೂ ಸೂಚಿಸಲಾರೆ.

ವೈಫೈ ಸಂಗತಿ ಬೇರೆ. 2.4 ಗಿಗಾಹರ್ಟ್ಸ್ ಪಟ್ಟಿಗೆ ತರಂಗದ ಪರವಾನಗಿ ಬೇಕಿಲ್ಲ. 5 ಗಿಗಾಹರ್ಟ್ಸ್ ಪಟ್ಟಿಯ ಬಹುಭಾಗವನ್ನು 2018ರ ಅಕ್ಟೋಬರ್‌ನಲ್ಲಿ ಹೊರಾಂಗಣ ಬಳಕೆಗೂ ಪರವಾನಗಿಯಿಂದ ಮುಕ್ತಗೊಳಿಸಲಾಗಿದೆ. ನಿಗದಿತ ಶಕ್ತಿಮಿತಿಯೊಳಗೆ ಇರಬೇಕು ಮತ್ತು ಉಪಕರಣಕ್ಕೆ ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ವಿಭಾಗದ ಮಾದರಿ ಅನುಮೋದನೆ ಇರಬೇಕು ಎಂಬುದಷ್ಟೇ ಷರತ್ತು. ಸಾರ್ವಜನಿಕರಿಗೆ ವೈಫೈ ಒದಗಿಸಬಯಸುವ ಅಂಗಡಿಯವರಿಗೆ, ಕೇಂದ್ರ ಸಚಿವ ಸಂಪುಟ 2020ರ ಡಿಸೆಂಬರ್ 9ರಂದು ಒಪ್ಪಿದ ಪಿಎಂ-ವಾಣಿ ಯೋಜನೆಯಡಿ ಪರವಾನಗಿಯಾಗಲಿ ನೋಂದಣಿಯಾಗಲಿ ಶುಲ್ಕವಾಗಲಿ ಇಲ್ಲ. ಇಲಾಖೆಯಲ್ಲಿ ನೋಂದಾಯಿತವಾದ ಅಗ್ರಿಗೇಟರ್, ಅಂದರೆ ಇಂತಹ ವೈಫೈ ಕೇಂದ್ರಗಳನ್ನು ಒಗ್ಗೂಡಿಸುವ ಸಂಸ್ಥೆಯೊಂದರ ಜೊತೆ ಸೇರಿಕೊಂಡರೆ ಸಾಕು. ಆದರೆ ಈ ವಿನಾಯಿತಿ ತರಂಗಕ್ಕೆ ಮತ್ತು ಸೇವೆಗೆ ಸಂಬಂಧಿಸಿದ್ದು. ಅಂಗಡಿಯ ಸ್ವಂತ ಗೋಡೆಯ ಮೇಲೆ ಪೆಟ್ಟಿಗೆಯನ್ನು ಕೂರಿಸುವುದು ಒಂದು ವಿಷಯ, ಅಂಗಡಿಯ ಎದುರಿನ ಬೀದಿದೀಪದ ಕಂಬಕ್ಕೆ ಬಿಗಿಯುವುದು ಇನ್ನೊಂದು. ಎರಡನೆಯದಕ್ಕೆ ಕಂಬದ ಒಡೆಯರ ಒಪ್ಪಿಗೆ ಇಲ್ಲದೆ ಮುಂದುವರಿಯುವಂತಿಲ್ಲ.

ಕಂಬ ಯಾರದು, ರಸ್ತೆ ಯಾರದು

ಇಡೀ ಕೆಲಸದಲ್ಲಿ ಅತಿ ಹೆಚ್ಚು ಗೊಂದಲ ಹುಟ್ಟುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಒಂದೇ ಬೀದಿಯಲ್ಲಿ ನಿಂತ ಕಂಬಗಳೆಲ್ಲ ಒಬ್ಬರದಲ್ಲ. ವಿದ್ಯುತ್ ತಂತಿಯನ್ನು ಹೊತ್ತಿರುವ ಕಂಬ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ್ದು. ಅದೇ ಕಂಬಕ್ಕೆ ಸಿಕ್ಕಿಸಿದ ಬೀದಿದೀಪವನ್ನು ನೋಡಿಕೊಳ್ಳುವವರು ಸ್ಥಳೀಯ ಸಂಸ್ಥೆಯವರು. ದೀಪಕ್ಕಾಗಿಯೇ ನಿಲ್ಲಿಸಿದ ಅಲಂಕಾರಿಕ ಕಂಬವನ್ನು ಸಾಮಾನ್ಯವಾಗಿ ನಗರಸಭೆಯೋ ಪುರಸಭೆಯೋ ಹಾಕಿಸಿರುತ್ತದೆ. ಹೀಗಿರುವಾಗ ದೀಪವನ್ನು ತೋರಿಸಿ ನಗರಸಭೆಯಿಂದ ಪತ್ರ ಪಡೆದು ನಿಗಮದ ಕಂಬವನ್ನು ಹತ್ತಿದರೆ ಆ ಪತ್ರದಿಂದ ಪ್ರಯೋಜನವಿಲ್ಲ. ಆದ್ದರಿಂದ ಅರ್ಜಿ ಬರೆಯುವ ಮೊದಲು ಉದ್ದೇಶಿತ ಪ್ರತಿಯೊಂದು ಕಂಬದ ಬಳಿಗೂ ಹೋಗಿ, ಅದರ ಮೇಲೆ ಬರೆದ ಸಂಖ್ಯೆಯನ್ನು ಗುರುತು ಮಾಡಿಕೊಂಡು, ಛಾಯಾಚಿತ್ರ ತೆಗೆದು, ಅಕ್ಷಾಂಶ ರೇಖಾಂಶಗಳೊಂದಿಗೆ ಒಂದು ಪಟ್ಟಿಯನ್ನು ಸಿದ್ಧಪಡಿಸಿ. ಆ ಪಟ್ಟಿಯನ್ನು ನಿಗಮದ ಉಪವಿಭಾಗ ಕಚೇರಿಯಲ್ಲಿಯೂ ಸ್ಥಳೀಯ ಸಂಸ್ಥೆಯ ಎಂಜಿನಿಯರ್ ಬಳಿಯಲ್ಲಿಯೂ ತೋರಿಸಿ ಒಡೆತನವನ್ನು ಖಚಿತಪಡಿಸಿಕೊಳ್ಳಿ.

ರಸ್ತೆಯ ವಿಚಾರಕ್ಕೂ ಇದೇ ಕ್ರಮ ಅನ್ವಯಿಸುತ್ತದೆ. ಸಂಪಾಜೆಯಿಂದ ಮಡಿಕೇರಿ, ಸುಂಟಿಕೊಪ್ಪ, ಕುಶಾಲನಗರಗಳ ಮೂಲಕ ಮೈಸೂರಿನತ್ತ ಸಾಗುವ ಮುಖ್ಯ ರಸ್ತೆ ರಾಷ್ಟ್ರೀಯ ಹೆದ್ದಾರಿ 275. ಅದರ ಅಂಚಿನಲ್ಲಿ ಹೊಸ ಕಂಬ ನೆಡುವುದಿದ್ದರೆ ಅಥವಾ ಕೇಬಲ್‌ಗಾಗಿ ಅಗೆಯುವುದಿದ್ದರೆ ಹೆದ್ದಾರಿಯ ಹೊಣೆ ಹೊತ್ತ ಪ್ರಾಧಿಕಾರದ ಒಪ್ಪಿಗೆ ಬೇಕು, ಆ ಭಾಗ ಪಟ್ಟಣದ ಮಧ್ಯದಲ್ಲಿಯೇ ಇದ್ದರೂ ಸರಿ. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆಗಳಿಗೆ ಲೋಕೋಪಯೋಗಿ ಇಲಾಖೆ, ಪಟ್ಟಣದ ಒಳಬೀದಿಗಳಿಗೆ ನಗರಸಭೆ, ಪುರಸಭೆ ಅಥವಾ ಪಟ್ಟಣ ಪಂಚಾಯಿತಿ, ಹಳ್ಳಿಯ ರಸ್ತೆಗಳಿಗೆ ಪಂಚಾಯತ್ ರಾಜ್ ಸಂಸ್ಥೆಗಳು. ಮಡಿಕೇರಿಯಲ್ಲಿ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಕೋಟೆಯ ಸುತ್ತ ಇನ್ನೊಂದು ಪದರವಿದೆ. ಸ್ಮಾರಕದ ರಕ್ಷಿತ ಎಲ್ಲೆಯಿಂದ 100 ಮೀಟರ್‌ವರೆಗೆ ಹೊಸ ನಿರ್ಮಾಣಕ್ಕೆ ನಿಷೇಧವಿದ್ದು, ಅದರಾಚೆಗಿನ 200 ಮೀಟರ್ ನಿಯಂತ್ರಿತ ವಲಯವಾಗಿದೆ. ಊರಿನ ಹೃದಯಭಾಗದ ಹಲವು ಬೀದಿಗಳು ಈ ಅಳತೆಯೊಳಗೆ ಬರುವುದರಿಂದ, ಅಲ್ಲಿ ಹೊಸ ಕಂಬದ ಯೋಚನೆಯನ್ನು ಬಿಟ್ಟು, ಇರುವ ಕಂಬವನ್ನು ಬಳಸುವುದಕ್ಕೂ ಇಲಾಖೆಯಿಂದ ಮುಂಚಿತವಾಗಿ ಲಿಖಿತ ಅಭಿಪ್ರಾಯ ಪಡೆಯುವುದು ಜಾಣತನ. ಅರಣ್ಯದ ಅಂಚಿನ ರಸ್ತೆಗಳಲ್ಲಿ, ವಿಶೇಷವಾಗಿ ಭಾಗಮಂಡಲ, ತಲಕಾವೇರಿಯ ಕಡೆ ಮತ್ತು ನಾಗರಹೊಳೆಯ ಬದಿಯಲ್ಲಿ, ಒಂದು ಗುಂಡಿ ತೋಡುವುದಕ್ಕೂ ಅರಣ್ಯ ಇಲಾಖೆಯನ್ನು ಕೇಳಬೇಕು.

ಖಾಸಗಿ ಜಾಗದಲ್ಲಿ ಉಪಕರಣ ಇಡುವುದಾದರೆ ಸರ್ಕಾರಿ ಅನುಮತಿಯ ಭಾರ ಬಹಳ ಕಡಿಮೆ. ದೂರಸಂಪರ್ಕ ಜಾಲಕ್ಕೆ ಜಾಗ ಬಳಸುವ ಕೇಂದ್ರದ ನಿಯಮಗಳಿಗೆ 2022ರಲ್ಲಿ ತಂದ ತಿದ್ದುಪಡಿಯು ಖಾಸಗಿ ಕಟ್ಟಡದ ಮೇಲೆ ಟವರ್ ಅಥವಾ ಕಂಬ ಅಳವಡಿಸುವ ಪರವಾನಗಿದಾರರಿಗೆ ಸ್ಥಳೀಯ ಪ್ರಾಧಿಕಾರದ ಅನುಮತಿಯ ಬದಲು ಮುಂಚಿತ ಮಾಹಿತಿ ನೀಡಿದರೆ ಸಾಕೆಂದು ಹೇಳಿ, ಕಟ್ಟಡದ ಭದ್ರತೆಯ ಬಗ್ಗೆ ಅರ್ಹ ಎಂಜಿನಿಯರ್‌ನ ಪ್ರಮಾಣಪತ್ರವನ್ನು ಮಾತ್ರ ಕಡ್ಡಾಯಗೊಳಿಸಿತು. ಆದರೆ ಕೊಡಗಿನಲ್ಲಿ ಖಾಸಗಿ ಜಾಗ ಎಂದ ಕೂಡಲೇ ಜಮ್ಮಾ ಬಾಣೆಯ ಪ್ರಶ್ನೆ ಎದುರಾಗುತ್ತದೆ. ವಂಶಪಾರಂಪರ್ಯವಾಗಿ ಬಂದ ಈ ಜಮ್ಮಾ ಹಿಡುವಳಿಯಲ್ಲಿ ಇಡೀ ಒಕ್ಕಕ್ಕೆ, ಅಂದರೆ ಒಂದೇ ಮನೆತನದ ಎಲ್ಲರಿಗೂ, ಹಕ್ಕಿರುವುದರಿಂದ, ಪಹಣಿಯಲ್ಲಿ ಕಾಣುವ ಪಟ್ಟೆದಾರರೊಬ್ಬರ ಸಹಿಯನ್ನು ನಂಬಿ ಒಪ್ಪಂದ ಮಾಡಿಕೊಂಡರೆ ಮುಂದೆ ತಕರಾರು ಬರುವುದು ಬಹುತೇಕ ಖಚಿತ. ಒಕ್ಕದ ಹಿರಿಯರೊಡನೆ ಕುಳಿತು ಮಾತನಾಡಿ, ಹಕ್ಕುಳ್ಳವರೆಲ್ಲರ ಒಪ್ಪಿಗೆಯನ್ನು ಬರಹದಲ್ಲಿ ಪಡೆದ ನಂತರವೇ ಹಣದ ವಿಚಾರ ಎತ್ತಬೇಕು.

ಅರ್ಜಿ, ಶುಲ್ಕ ಮತ್ತು ಕಾಲಮಿತಿ

ಈಗ ಜಾರಿಯಲ್ಲಿರುವುದು 2023ರ ದೂರಸಂಪರ್ಕ ಕಾಯ್ದೆ ಮತ್ತು ಅದರಡಿ 2024ರಲ್ಲಿ ಹೊರಡಿಸಿ 2025ರ ಜನವರಿ 1ರಿಂದ ಜಾರಿಗೆ ತಂದ ಮಾರ್ಗಹಕ್ಕಿನ (ಇತರರ ಜಾಗ, ರಸ್ತೆ, ಕಂಬಗಳನ್ನು ಜಾಲಕ್ಕೆ ಬಳಸುವ ಹಕ್ಕಿನ) ನಿಯಮಗಳು. ಅದಕ್ಕೂ ಮೊದಲು 1885ರ ಟೆಲಿಗ್ರಾಫ್ ಕಾಯ್ದೆಯಡಿಯ 2016ರ ನಿಯಮಗಳಿದ್ದವು. ಸ್ಮಾಲ್ ಸೆಲ್ ಮತ್ತು ಬೀದಿ ಸೌಕರ್ಯಗಳ ಪ್ರಸ್ತಾಪ ನಿಯಮಗಳೊಳಗೆ ಸ್ಪಷ್ಟವಾಗಿ ಬಂದದ್ದು 2022ರ ಆಗಸ್ಟ್ ತಿದ್ದುಪಡಿಯಲ್ಲಿ, ಅಂದರೆ ದೇಶದಲ್ಲಿ 5ಜಿ ಸೇವೆ ಆರಂಭವಾಗುವ ಕೆಲವೇ ವಾರಗಳ ಮುನ್ನ. ಬೀದಿದೀಪದ ಕಂಬ, ವಿದ್ಯುತ್ ಕಂಬ, ಸಂಚಾರ ಸೂಚನೆಯ ಕಂಬ, ಬಸ್ ತಂಗುದಾಣ, ಜಾಹೀರಾತು ಫಲಕದಂತಹವುಗಳನ್ನೆಲ್ಲ ಬಳಸಬಹುದೆಂದು ಹೇಳಿದ ಆ ತಿದ್ದುಪಡಿ, ಸ್ಮಾಲ್ ಸೆಲ್ ಅಳವಡಿಸಲು ಪ್ರತಿ ಕಂಬಕ್ಕೆ ವರ್ಷಕ್ಕೆ ನಗರ ಪ್ರದೇಶದಲ್ಲಿ ₹300, ಗ್ರಾಮೀಣ ಪ್ರದೇಶದಲ್ಲಿ ₹150 ಎಂದು ದರ ಗೊತ್ತುಮಾಡಿತು. ಕಂಬಗಳ ಮೇಲೆ ಕೇಬಲ್ ಎಳೆಯುವುದಕ್ಕೆ ಪ್ರತಿ ಕಂಬಕ್ಕೆ ವರ್ಷಕ್ಕೆ ₹100. ಅರ್ಜಿ ಹಾಕುವ ದಿನದಂದು ಜಾರಿಯಲ್ಲಿರುವ ದರಪಟ್ಟಿಯನ್ನೂ ರಾಜ್ಯ ಸರ್ಕಾರದ ಆದೇಶವನ್ನೂ ನೋಡಿಯೇ ಹಣ ಕಟ್ಟಬೇಕು, ಆದರೆ ಈ ಮೊತ್ತಗಳ ಗಾತ್ರವನ್ನು ಸ್ಥಳೀಯ ಸಂಸ್ಥೆಯ ಸದಸ್ಯರು ಗಮನದಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಕಂಬವನ್ನು ಬಾಡಿಗೆಗೆ ಕೊಟ್ಟು ದೊಡ್ಡ ಆದಾಯ ಗಳಿಸುವ ನಿರೀಕ್ಷೆಗೆ ಇಲ್ಲಿ ಎಡೆಯಿಲ್ಲ. ಜೊತೆಗೆ, ದೂರಸಂಪರ್ಕ ಜಾಲವನ್ನು ಅದು ನಿಂತ ಆಸ್ತಿಯ ಭಾಗವೆಂದು ಎಣಿಸಿ ಆಸ್ತಿ ತೆರಿಗೆ ಹಾಕಬಾರದೆಂದು 2023ರ ಕಾಯ್ದೆಯ 14ನೇ ಪ್ರಕರಣ ಹೇಳುತ್ತದೆ.

ಅರ್ಜಿಯನ್ನು ಆನ್‌ಲೈನ್ ಮೂಲಕವೇ ಸಲ್ಲಿಸಬೇಕು. ಕೇಂದ್ರ ಸರ್ಕಾರ 2022ರ ಮೇ ತಿಂಗಳಲ್ಲಿ ಆರಂಭಿಸಿದ ಗತಿಶಕ್ತಿ ಸಂಚಾರ್ ಪೋರ್ಟಲ್ ಇದಕ್ಕಾಗಿಯೇ ಇದೆ. ಅರ್ಜಿಯೊಂದಿಗೆ ಪರವಾನಗಿ ಅಥವಾ ನೋಂದಣಿಯ ಪ್ರತಿ, ಕಂಬಗಳ ಪಟ್ಟಿ, ಸ್ಥಳದ ನಕ್ಷೆ, ಉಪಕರಣದ ಅಳತೆ ಮತ್ತು ತೂಕ, ಅದನ್ನು ಕಂಬಕ್ಕೆ ಬಿಗಿಯುವ ವಿಧಾನದ ರೇಖಾಚಿತ್ರ, ಕಂಬ ಆ ಭಾರವನ್ನೂ ಗಾಳಿಯ ಒತ್ತಡವನ್ನೂ ತಡೆಯಬಲ್ಲದೆಂಬ ಸ್ಟ್ರಕ್ಚರಲ್ ಎಂಜಿನಿಯರ್‌ನ ಪ್ರಮಾಣಪತ್ರ, ಕೆಲಸದ ಅವಧಿ ಮತ್ತು ಸಂಚಾರಕ್ಕೆ ತೊಂದರೆಯಾಗದಂತೆ ಕೈಗೊಳ್ಳುವ ಕ್ರಮಗಳನ್ನು ಸೇರಿಸಿ. ನಿಯಮ ಕೇಳಿದ್ದಷ್ಟನ್ನೇ ಕೊಟ್ಟು ಸುಮ್ಮನಾಗುವುದಕ್ಕಿಂತ, ಅಳವಡಿಸಿದ ನಂತರ ಆ ಕಂಬ ಹೇಗೆ ಕಾಣುತ್ತದೆ ಎಂಬುದನ್ನು ತೋರಿಸುವ ಚಿತ್ರವೊಂದನ್ನೂ ಲಗತ್ತಿಸಿದರೆ ಸದಸ್ಯರ ಅರ್ಧ ಸಂದೇಹ ಅಲ್ಲಿಯೇ ಕಳೆಯುತ್ತದೆ.

ಅರ್ಜಿ ತಿರಸ್ಕರಿಸುವುದಾದರೆ ಕಾರಣವನ್ನು ಬರಹದಲ್ಲಿ ತಿಳಿಸಬೇಕು. ನಿಗದಿತ ಅವಧಿಯೊಳಗೆ ಉತ್ತರವೇ ಬಾರದಿದ್ದರೆ ಅನುಮತಿ ದೊರೆತಂತೆ ಎಂದು ಭಾವಿಸುವ ತತ್ತ್ವವು 2016ರ ನಿಯಮಗಳಲ್ಲಿ 60 ದಿನಗಳ ಮಿತಿಯೊಂದಿಗೆ ಬಂದು ಹೊಸ ನಿಯಮಗಳಲ್ಲಿಯೂ ಮುಂದುವರಿದಿದೆ. ಅರ್ಜಿದಾರರು ಇದನ್ನು ಆಯುಧದಂತೆ ಬಳಸಬಾರದೆಂದು ನನ್ನ ಕೋರಿಕೆ, ಏಕೆಂದರೆ ಮೌನದಿಂದ ಪಡೆದ ಅನುಮತಿಯ ಬಲದಿಂದ ಕಂಬ ಹತ್ತಿದವರಿಗೆ ಆ ಬೀದಿಯ ಜನರ ಸಹಕಾರ ಸಿಗುವುದಿಲ್ಲ. ಸ್ಥಳೀಯ ಸಂಸ್ಥೆಗಳಿಗಂತೂ ಇದು ಎಚ್ಚರದ ಗಂಟೆ: ಸಾಮಾನ್ಯ ಸಭೆಗೆ ವಿಷಯ ಬರಲಿ ಎಂದು ಕಡತವನ್ನು ತಿಂಗಳುಗಟ್ಟಲೆ ಇಟ್ಟುಕೊಂಡರೆ ಷರತ್ತು ವಿಧಿಸುವ ಅವಕಾಶವೇ ಕೈತಪ್ಪುತ್ತದೆ. ಅರ್ಜಿಗಳು ಬರುವ ಮುನ್ನವೇ ಪೆಟ್ಟಿಗೆಯ ಗರಿಷ್ಠ ಗಾತ್ರ, ನೆಲದಿಂದ ಇರಬೇಕಾದ ಎತ್ತರ, ಬಣ್ಣ, ಒಂದು ಕಂಬಕ್ಕೆ ಎಷ್ಟು ಪೆಟ್ಟಿಗೆ ಎಂಬುದನ್ನೆಲ್ಲ ನಿರ್ಣಯವಾಗಿ ಬರೆದಿಟ್ಟುಕೊಳ್ಳುವುದು ಮೇಲು. ಗಾತ್ರವನ್ನು ನಿರ್ಧರಿಸುವಾಗ ಹೋಲಿಕೆಗೆ ಬೇಕಿದ್ದರೆ, ಅಮೆರಿಕದ ಸಂವಹನ ಆಯೋಗ 2018ರಲ್ಲಿ ಆಂಟೆನಾ 3 ಘನ ಅಡಿಗಿಂತಲೂ ಉಳಿದ ಉಪಕರಣಗಳೆಲ್ಲ ಸೇರಿ 28 ಘನ ಅಡಿಗಿಂತಲೂ ಮೀರಬಾರದೆಂದು ಗೊತ್ತುಮಾಡಿ, ಇರುವ ಕಂಬವಾದರೆ 60 ದಿನ, ಹೊಸ ಕಂಬವಾದರೆ 90 ದಿನಗಳಲ್ಲಿ ಅರ್ಜಿ ಇತ್ಯರ್ಥವಾಗಬೇಕೆಂದು ಅಲ್ಲಿನ ನಗರಗಳಿಗೆ ಹೇಳಿತ್ತು. 28 ಘನ ಅಡಿ ಎಂದರೆ ನಮ್ಮ ಕಿರಿದಾದ ಬೀದಿಗಳಿಗೆ ಬಹಳ ದೊಡ್ಡದು. ನಮ್ಮಲ್ಲಿ ಅದಕ್ಕಿಂತ ಬಹಳ ಚಿಕ್ಕ ಮಿತಿ ಸಾಕು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಸ್ಮಾಲ್ ಸೆಲ್ ಕುರಿತು 2022ರ ನವೆಂಬರ್‌ನಲ್ಲಿ ನೀಡಿದ ಶಿಫಾರಸುಗಳಿಗೆ ಮುನ್ನ ಬೆಂಗಳೂರಿನ ನಮ್ಮ ಮೆಟ್ರೊ, ಭೋಪಾಲ್ ನಗರ ಮೊದಲಾದೆಡೆ ಪ್ರಾಯೋಗಿಕ ಅಳವಡಿಕೆ ನಡೆದಿದ್ದರಿಂದ, ದೇಶದೊಳಗಿನ ಅನುಭವವೂ ನೋಡಲು ಸಿಗುತ್ತದೆ.

ಮಳೆ, ಬರೆ ಮತ್ತು ದಸರಾ

ಕೇಂದ್ರದ ನಿಯಮಗಳು ಇಡೀ ದೇಶಕ್ಕೆ ಒಂದೇ. ಆದರೆ ಕೆಲಸ ನಡೆಯುವುದು ಕೊಡಗಿನ ನೆಲದಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಗೆಯುವ ಕೆಲಸವನ್ನು ಸಂಪೂರ್ಣವಾಗಿ ನಿಲ್ಲಿಸಬೇಕೆಂದೇ ನಾನು ಹೇಳುತ್ತೇನೆ, ಅನುಮತಿ ಪತ್ರದಲ್ಲಿ ಅಂತಹ ಷರತ್ತು ಇಲ್ಲದಿದ್ದರೂ ಸಹ. 2018, 2019 ಮತ್ತು 2020ರ ಆಗಸ್ಟ್ ತಿಂಗಳುಗಳ ಭೂಕುಸಿತಗಳು ಕಲಿಸಿದ ಪಾಠವನ್ನು ಈ ಜಿಲ್ಲೆಯಲ್ಲಿ ಯಾರಿಗೂ ನೆನಪಿಸಬೇಕಾಗಿಲ್ಲ. ರಸ್ತೆಯ ಮೇಲ್ಬದಿಯ ಬರೆಯ (ಕಡಿದಾದ ಮಣ್ಣಿನ ದಿಬ್ಬದ) ಬುಡದಲ್ಲಿ ಗುಂಡಿ ತೋಡಿದರೆ ಮಣ್ಣಿನ ಆಸರೆ ಕಳಚುತ್ತದೆ. ಕೆಳಬದಿಯ ಅಂಚಿನಲ್ಲಿ ತೋಡಿದರೆ ನೀರು ಆ ಸಡಿಲ ಮಣ್ಣಿನೊಳಗೆ ಇಳಿದು ರಸ್ತೆಯ ತೋಳನ್ನೇ ಕೊಚ್ಚಿಕೊಂಡು ಹೋಗಬಹುದು. ಹೊಸ ಕಂಬ ಅನಿವಾರ್ಯವಾದರೆ ಡಿಸೆಂಬರ್‌ನಿಂದ ಏಪ್ರಿಲ್‌ವರೆಗಿನ ಒಣ ದಿನಗಳನ್ನು ಆರಿಸಿ, ತಡೆಗೋಡೆ ಇರುವ ಕಡೆ ಅದರ ನೀರಿನ ರಂಧ್ರಗಳನ್ನು ಮುಚ್ಚದೆ, ಚರಂಡಿಯ ಹಾದಿಗೆ ಅಡ್ಡ ಬಾರದೆ, ಅಗೆದ ಮಣ್ಣನ್ನು ಅಂದೇ ಸಾಗಿಸಿ ಕೆಲಸ ಮುಗಿಸಿ. ಅಗೆಯುವ ಮುನ್ನ 2023ರ ಮಾರ್ಚ್‌ನಲ್ಲಿ ಬಿಡುಗಡೆಯಾದ ಕಾಲ್ ಬಿಫೋರ್ ಯು ಡಿಗ್ ಆ್ಯಪ್‌ನಲ್ಲಿ ಮಾಹಿತಿ ದಾಖಲಿಸಿದರೆ ನೆಲದಡಿಯ ಕೇಬಲ್ ಹೊಂದಿರುವ ಇತರ ಸಂಸ್ಥೆಗಳಿಗೆ ಸೂಚನೆ ಹೋಗುತ್ತದೆ. ಕುಡಿಯುವ ನೀರಿನ ಪೈಪಿನ ಬಗ್ಗೆ ಮಾತ್ರ ವಾರ್ಡಿನ ನೀರುಗಂಟಿಯನ್ನೇ ಕೇಳಬೇಕು. ಯಾವ ನಕ್ಷೆಯಲ್ಲಿಯೂ ಇಲ್ಲದ ತಿರುವುಗಳು ಅವರಿಗೆ ಗೊತ್ತಿರುತ್ತವೆ.

ಪೆಟ್ಟಿಗೆಯ ಆಯ್ಕೆಯಲ್ಲಿಯೂ ಮಳೆಯೇ ಮಾನದಂಡ. ಧೂಳು, ನೀರು ಒಳಹೊಗದಂತೆ ತಡೆಯುವ ಶಕ್ತಿಯನ್ನು ಐಪಿ ದರ್ಜೆಯಿಂದ ಸೂಚಿಸುತ್ತಾರೆ. ಐಪಿ 65 ದರ್ಜೆಯ ಹೊದಿಕೆ ನೀರಿನ ಸಿಡಿತವನ್ನು ತಡೆಯುತ್ತದೆ, ಆದರೆ ವಾರಗಟ್ಟಲೆ ಗಾಳಿಯೊಂದಿಗೆ ಅಡ್ಡಡ್ಡ ಬೀಸುವ ಮಳೆಗೆ ಐಪಿ 66 ಅಥವಾ 67 ದರ್ಜೆಯದನ್ನು ಕೇಳುವುದು ಕ್ಷೇಮ. ಕೇಬಲ್ ಒಳಹೊಗುವ ತೂತುಗಳು ಪೆಟ್ಟಿಗೆಯ ಕೆಳಬದಿಯಲ್ಲಿರಬೇಕು ಮತ್ತು ಕೇಬಲ್ ಒಳಗೆ ಹೋಗುವ ಮುನ್ನ ಕೆಳಕ್ಕೆ ಬಾಗಿ ಮೇಲೇರಬೇಕು, ಆಗ ನೀರು ಬಾಗಿನಲ್ಲಿಯೇ ತೊಟ್ಟಿಕ್ಕುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗುಮಳೆಯ ಕಾರಣದಿಂದ ಸರಿಯಾದ ಅರ್ಥಿಂಗ್ ಮತ್ತು ಸರ್ಜ್ (ವೋಲ್ಟೇಜಿನ ದಿಢೀರ್ ಏರಿಕೆ) ರಕ್ಷಣೆ ಇಲ್ಲದೆ ಒಂದು ಪೆಟ್ಟಿಗೆಯನ್ನೂ ಚಾಲನೆ ಮಾಡಬಾರದು. ವಿದ್ಯುತ್ ಸಂಪರ್ಕವನ್ನು ಬೀದಿದೀಪದ ತಂತಿಯಿಂದ ಎಳೆದುಕೊಳ್ಳುವ ರೂಢಿ ಅಪಾಯಕಾರಿಯಷ್ಟೇ ಅಲ್ಲ, ಹಗಲಿನಲ್ಲಿ ಆ ತಂತಿಯಲ್ಲಿ ವಿದ್ಯುತ್ ಇರುವುದೂ ಇಲ್ಲ. ಆದ್ದರಿಂದ ನಿಗಮದಿಂದ ಪ್ರತ್ಯೇಕ ಸಂಪರ್ಕ ಮತ್ತು ಮೀಟರ್ ಪಡೆಯಿರಿ. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ವಿದ್ಯುತ್ ಇಲ್ಲದಿರುವುದು ಇಲ್ಲಿ ಸಾಮಾನ್ಯವಾದ್ದರಿಂದ ಬ್ಯಾಟರಿಯ ಸಾಮರ್ಥ್ಯವನ್ನು ಬಯಲುಸೀಮೆಯ ಲೆಕ್ಕದಲ್ಲಿ ತೀರ್ಮಾನಿಸಬೇಡಿ. ನೆಟ್‌ವರ್ಕ್ ಅತ್ಯಂತ ಅಗತ್ಯವಾಗುವುದು ಅಂತಹ ದಿನಗಳಲ್ಲಿಯೇ. ಕೇಬಲ್‌ಗಳನ್ನು ಮರಗಳಿಗೆ ಕಟ್ಟುವುದನ್ನೂ ಮೊಳೆ ಹೊಡೆಯುವುದನ್ನೂ ದಯವಿಟ್ಟು ಬಿಟ್ಟುಬಿಡಿ.

ರಸ್ತೆಯನ್ನು ಅಡ್ಡಹಾಯುವ ಕೇಬಲ್ ಎಷ್ಟು ಎತ್ತರದಲ್ಲಿರಬೇಕು ಎಂಬುದಕ್ಕೆ, ರಸ್ತೆ ದಾಟುವ ಕಡಿಮೆ ವೋಲ್ಟೇಜ್ ವಿದ್ಯುತ್ ತಂತಿಗಳಿಗೆ ಬಹುಕಾಲದಿಂದ ಅನ್ವಯಿಸಿರುವ 5.8 ಮೀಟರ್ ಅಳತೆಯನ್ನು ಕನಿಷ್ಠವೆಂದು ಇಟ್ಟುಕೊಳ್ಳಬಹುದು. ಮಡಿಕೇರಿಯಲ್ಲಿ ಇದೂ ಸಾಲದು. ವಿಜಯದಶಮಿಯ ರಾತ್ರಿ ಹತ್ತು ದೇವಾಲಯಗಳ ಮಂಟಪಗಳು ಎತ್ತರದ ಕಲಾಕೃತಿಗಳನ್ನು ಹೊತ್ತು ಊರಿನ ಮುಖ್ಯ ಬೀದಿಗಳಲ್ಲಿ ಸಾಗುತ್ತವೆ. ಆ ಹಾದಿಯಲ್ಲಿ ರಸ್ತೆಗೆ ಅಡ್ಡಲಾಗಿ ಕೇಬಲ್ ಎಳೆಯದಿರುವುದೇ ಸರಿಯಾದ ವಿನ್ಯಾಸ. ಅನಿವಾರ್ಯವಾದರೆ ಸುಲಭವಾಗಿ ಬಿಚ್ಚಿ ಮರುಜೋಡಿಸಬಹುದಾದ ಜೋಡಣೆ ಮಾಡಿ, ದಸರಾ ಸಮಿತಿಗೂ ನಗರಸಭೆಗೂ ಮುಂಚಿತವಾಗಿ ಬರೆದು ತಿಳಿಸಿ. ಕರಗಗಳು ಹೊರಡುವ ಓಣಿಗಳಲ್ಲಿಯೂ ಪೆಟ್ಟಿಗೆ ಮತ್ತು ಅದರ ಆಧಾರದ ಕಬ್ಬಿಣ ಜನರ ತಲೆಗೆ ತಾಗುವಂತಿರಬಾರದು.

ವಿಕಿರಣದ ಬಗ್ಗೆ ನಿವಾಸಿಗಳು ಕೇಳಿದಾಗ

ಮನೆಯ ಕಿಟಕಿಯ ಎದುರಿನ ಕಂಬಕ್ಕೆ ಆಂಟೆನಾ ಬರುತ್ತದೆ ಎಂದರೆ ಜನ ಆತಂಕಗೊಳ್ಳುವುದು ಸಹಜ. ಅದನ್ನು ಅಜ್ಞಾನವೆಂದು ತಳ್ಳಿಹಾಕದೆ ಉತ್ತರಿಸುವುದು ಅಳವಡಿಸುವವರ ಕರ್ತವ್ಯ. 2012ರ ಸೆಪ್ಟೆಂಬರ್ 1ರಿಂದ ಭಾರತವು ಟವರ್‌ಗಳ ವಿಕಿರಣಕ್ಕೆ, ವಿಕಿರಣ ರಕ್ಷಣೆಯ ಅಂತರರಾಷ್ಟ್ರೀಯ ಆಯೋಗ ಸೂಚಿಸಿದ ಮಿತಿಯ ಹತ್ತನೇ ಒಂದು ಭಾಗವನ್ನು ತನ್ನ ಮಿತಿಯಾಗಿ ಅಳವಡಿಸಿಕೊಂಡಿತು. 900 ಮೆಗಾಹರ್ಟ್ಸ್‌ನಲ್ಲಿ ಅದು ಪ್ರತಿ ಚದರ ಮೀಟರ್‌ಗೆ 0.45 ವಾಟ್. ಸ್ಮಾಲ್ ಸೆಲ್‌ನ ಶಕ್ತಿ ದೊಡ್ಡ ಟವರ್‌ಗಿಂತ ಬಹಳ ಕಡಿಮೆಯಾದರೂ ಅದು ಜನರಿಗೆ ಹತ್ತಿರದಲ್ಲಿರುವುದರಿಂದ, ಆಂಟೆನಾದ ಮುಖ ಯಾವ ಮನೆಯ ಮಾಳಿಗೆಗೂ ನೇರವಾಗಿ ತಿರುಗದಂತೆ ಕೂರಿಸಬೇಕು. ಇಳಿಜಾರಿನ ಊರಿನಲ್ಲಿ ಮೇಲಿನ ರಸ್ತೆಯ ಮನೆಯ ಜಗಲಿ ಕೆಳಗಿನ ರಸ್ತೆಯ ಕಂಬದ ತುದಿಯ ಮಟ್ಟಕ್ಕೇ ಇರುವುದುಂಟು, ಆದ್ದರಿಂದ ಕಂಬದ ಬುಡದಲ್ಲಿ ನಿಂತು ನೋಡಿದರೆ ಸಾಲದು, ಮೇಲಿನ ಮನೆಯವರ ಅಂಗಳಕ್ಕೂ ಹೋಗಿ ನೋಡಬೇಕು. ದೂರಸಂಪರ್ಕ ಇಲಾಖೆಯ ತರಂಗ್ ಸಂಚಾರ್ ಪೋರ್ಟಲ್‌ನಲ್ಲಿ ತಮ್ಮ ಸುತ್ತಲಿನ ಟವರ್‌ಗಳ ವಿವರವನ್ನು ಯಾರು ಬೇಕಾದರೂ ನೋಡಬಹುದು ಮತ್ತು ₹4000 ಪಾವತಿಸಿ ಸ್ಥಳದಲ್ಲಿ ಅಳತೆ ಮಾಡಿಸಬಹುದು. ಒಂದು ಬೀದಿಯವರೆಲ್ಲ ಕೇಳುತ್ತಿದ್ದರೆ ಆ ಹಣವನ್ನು ಸಂಸ್ಥೆಯೇ ಭರಿಸಿ, ಫಲಿತಾಂಶವನ್ನು ಎಲ್ಲರ ಮುಂದೆ ಇಡಲಿ.

ಅಳವಡಿಸಿದ ಮೇಲೆ

ಪ್ರತಿ ಪೆಟ್ಟಿಗೆಯ ಮೇಲೆ ಸಂಸ್ಥೆಯ ಹೆಸರು, ಅನುಮತಿಯ ಸಂಖ್ಯೆ ಮತ್ತು ದಿನದ ಯಾವ ಹೊತ್ತಿನಲ್ಲೂ ಎತ್ತುವ ದೂರವಾಣಿ ಸಂಖ್ಯೆಯನ್ನು ಕನ್ನಡದಲ್ಲಿ, ಮಳೆಗೆ ಅಳಿಸದಂತೆ ಬರೆಸಬೇಕು. ಕೆಲಸ ಮುಗಿದ ದಿನ ನಗರಸಭೆಯ ಮತ್ತು ನಿಗಮದ ಪ್ರತಿನಿಧಿಗಳ ಸಮ್ಮುಖದಲ್ಲಿ ಪರಿಶೀಲನೆ ನಡೆಸಿ, ಛಾಯಾಚಿತ್ರಗಳೊಂದಿಗೆ ಸ್ಥಳ ಮಹಜರು ಬರೆಸಿಕೊಂಡರೆ ಮುಂದೆ ಕಂಬ ಓರೆಯಾದಾಗಲೋ ದೀಪ ಕೆಟ್ಟಾಗಲೋ ಯಾರ ಹೊಣೆ ಎಂಬ ವಾದ ಏಳುವುದಿಲ್ಲ. ಪ್ರತಿ ಮೇ ತಿಂಗಳಲ್ಲಿ, ಮುಂಗಾರು ಹಿಡಿಯುವ ಮೊದಲು, ಬಿಗಿಪಟ್ಟಿ, ಬೋಲ್ಟು, ಅರ್ಥಿಂಗ್ ಮತ್ತು ಕೇಬಲ್‌ಗಳ ತಪಾಸಣೆ ಮಾಡಿ ವರದಿಯನ್ನು ಸ್ಥಳೀಯ ಸಂಸ್ಥೆಗೆ ಕೊಡುವ ಷರತ್ತನ್ನು ಒಪ್ಪಂದದಲ್ಲಿಯೇ ಸೇರಿಸಿ. ರಸ್ತೆ ಅಗಲೀಕರಣಕ್ಕಾಗಿ ಕಂಬ ಸ್ಥಳಾಂತರವಾದರೆ ಪೆಟ್ಟಿಗೆಯನ್ನು ಎಷ್ಟು ದಿನಗಳಲ್ಲಿ, ಯಾರ ಖರ್ಚಿನಲ್ಲಿ ತೆಗೆಯಬೇಕು, ಮತ್ತು ಸೇವೆ ನಿಲ್ಲಿಸಿದ ಸಂಸ್ಥೆ ತನ್ನ ಪೆಟ್ಟಿಗೆ ಹಾಗೂ ಕೇಬಲನ್ನು ಹಾಗೆಯೇ ನೇತಾಡಲು ಬಿಟ್ಟುಹೋದರೆ ಅದನ್ನು ಇಳಿಸುವ ವೆಚ್ಚವನ್ನು ಯಾವ ಠೇವಣಿಯಿಂದ ಭರಿಸಬೇಕು ಎಂಬುದನ್ನೂ ಅದೇ ಒಪ್ಪಂದದಲ್ಲಿ ಬರೆದು, ಎರಡೂ ಕಡೆಯವರ ಸಹಿಯಾದ ಪ್ರತಿಯನ್ನು ಕಂಬಗಳ ಪಟ್ಟಿಯ ಜೊತೆಯಲ್ಲಿಯೇ ಕಡತದಲ್ಲಿ ಇಡಬೇಕು.